ಹನ್ನೊಂದನೇ ನಂಬರಿನ ಟ್ಯೂಬಿನಲ್ಲಿ ಏನಿತ್ತು?

ವಿಶ್ವವಿದ್ಯಾಲಯದ ಜೈವಿಕ ಸುರಕ್ಷತಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ ಎಂದೇ ಶುರು ಮಾಡುತ್ತೇನೆ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಕಾಫಿ ತರಿಸಿಕೊಟ್ಟವರನ್ನು ಬೇರೆ ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ.

ನಿಮ್ಮ ಸಮಿತಿಯ ವರದಿಯಲ್ಲಿ ಒಬ್ಬ 'ಸ್ವತಂತ್ರ ಸಾಕ್ಷಿ' ಬರುತ್ತಾನೆ. ಪ್ರಯೋಗಾಲಯದಲ್ಲಿ ಗ್ಲೌಸುಗಳು ಇದ್ದವು, ಫಿನಾಯಿಲ್ ಬಾಟಲಿ ಇತ್ತು ಎಂದು ಹೇಳಿದವನು. ಆ ಸಾಕ್ಷಿ ನಾನು. ಇದನ್ನು ಒಂದು ವರ್ಷಕ್ಕೂ ಮೇಲೆ ಮುಚ್ಚಿಟ್ಟುಕೊಂಡು ತಿರುಗಿದ್ದೇನೆ. ಮುಚ್ಚಿಟ್ಟಿದ್ದು ಯಾರಿಂದ ಎಂದರೆ, ಆ ಸಾಕ್ಷಿಯ ಬಲದ ಮೇಲೆ ನೀವು ಯಾರನ್ನು ಕೆಲಸದಿಂದ ತೆಗೆದಿರೋ ಅವಳಿಂದ. ಅವಳು ನನ್ನ ಒಡಹುಟ್ಟಿದ ಅಕ್ಕ. ಹೆಸರು ದಾನವ್ವ. ವರದಿಯಲ್ಲಿ ಅವಳಿಗೆ ಹೆಸರಿಲ್ಲ. 'ದಿನಗೂಲಿ ಸಹಾಯಕಿಯ ಸ್ವಂತ ಅಜಾಗರೂಕತೆ' ಎಂಬಷ್ಟೇ ಇದೆ.

ನನ್ನ ತಕರಾರು ಏನು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಿದ್ದು ಸುಳ್ಳಲ್ಲ. ನೀವು ಬರೆದುಕೊಂಡದ್ದೂ ಸುಳ್ಳಲ್ಲ. ನನ್ನ ನಿಜದ ಅರ್ಧವನ್ನು ಕತ್ತರಿಸಿ ತೆಗೆದುಕೊಂಡಿರಿ. ಉಳಿದರ್ಧ ನನ್ನ ಗಂಟಲಲ್ಲೇ ಇದೆ. ಈ ಪತ್ರ ಅದನ್ನು ಹೊರಹಾಕಲು.

ನಾನು ಪಂಚಪ್ಪ, ಹಾನಗಲ್ ಕಡೆಯವನು, ವಯಸ್ಸು ಇಪ್ಪತ್ತೊಂದು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಎಂಬುದು ಈ ವಿಷಯಕ್ಕೆ ಸಂಬಂಧಪಟ್ಟದ್ದೇ. ಇನ್‌ಸ್ಪೆಕ್ಟರ್ ಬರುವ ಮುಂಚಿನ ದಿನ ನಮ್ಮ ಮಾಸ್ತರರು ಒಂದು ಕಟ್ಟಪ್ಪಣೆ ಮಾಡಿದ್ದರು. ಸಾಹೇಬರು ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಸಾಹೇಬರು ಬಂದರು, ಇಡೀ ತರಗತಿ ಕೈ ಎತ್ತಿತು, ಸಾಹೇಬರಿಗೆ ಬಹಳ ಸಂತೋಷವಾಯಿತು. ನಾನೊಬ್ಬ ಎದ್ದು ನಿಂತು, "ಎಡಗೈ ಎತ್ತಿದವ್ರಿಗೆ ಗೊತ್ತಿಲ್ರಿ ಸರ" ಎಂದೆ. ಸಾಹೇಬರು ನಕ್ಕು ಹೋದರು. ಮಾಸ್ತರರು ನಗಲಿಲ್ಲ. ಮರುದಿನದಿಂದ ನಾನು ಶಾಲೆಗೆ ಹೋಗಲಿಲ್ಲ. ಅವತ್ತಿನಿಂದ ತಪಾಸಣೆ ಎಂಬ ಮಾತು ಕೇಳಿದರೆ ನನಗೆ ಎಡಗೈ ನೆನಪಾಗುತ್ತದೆ. ನಿಮ್ಮಲ್ಲಿಗೆ ಬಂದಾಗ ಮಾತ್ರ ಅದನ್ನು ಮರೆತೆ.

ಅಕ್ಕ ಭಾವನ ಜೊತೆ ಇರಲು ದಾಸರಹಳ್ಳಿಗೆ ಬಂದೆ. ಭಾವ ಮಹಾಲಿಂಗಪ್ಪ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾರೆ. ನಾನು ಊದುಬತ್ತಿ ಹೊಸೆದೆ, ಲಾರಿ ಕ್ಲೀನರ್ ಆದೆ, ಯಾವುದರಲ್ಲೂ ನಿಲ್ಲಲಿಲ್ಲ. ಕೊನೆಗೆ ಯಶವಂತಪುರದ ಐಸ್ ಫ್ಯಾಕ್ಟರಿಯಲ್ಲಿ ಸೈಕಲ್ ಸಿಕ್ಕಿತು. ಗೋಣಿಚೀಲದಲ್ಲಿ ಐಸಿನ ಗಡ್ಡೆ, ಮೇಲೆ ಮರದ ಹೊಟ್ಟು. ಮದುವೆ ಛತ್ರ, ಸೋಡಾ ಅಂಗಡಿ, ಮೀನಿನವರು, ಮತ್ತು ಶೆಟ್ಟಿಹಳ್ಳಿ ದಾರಿಯಲ್ಲಿರುವ ನಿಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಆ ಕಾಲೇಜು. ಕರೆಂಟು ಹೋದರೆ ಅಲ್ಲಿನ ಫ್ರಿಜ್ಜು ಬರೀ ಬಟ್ಟೆ ಇಡುವ ಪೆಟ್ಟಿಗೆಯಂತೆ, ಅದಕ್ಕೇ ಪರೀಕ್ಷೆಯ ದಿನ ಐಸು ಬೇಕು. ಅಕ್ಕನಿಗೆ ಅದೇ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಗಾಜು ತೊಳೆಯುವ, ನೆಲ ಒರೆಸುವ ದಿನಗೂಲಿ ಕೆಲಸ.

ಅಲ್ಲಿ ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಪದ್ಧತಿ ಇದೆ. ನಿಮಗೆ ಗೊತ್ತು, ಈ ಪತ್ರ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಒಂದೊಂದು ಗಾಜಿನ ಟ್ಯೂಬಿನಲ್ಲಿ ಒಂದೊಂದು ಜೀವಂತ ರೋಗಾಣುವನ್ನು ಬೆಳೆಸಿ, ಹೆಸರು ಬರೆಯದೆ ಬರೀ ನಂಬರು ಅಂಟಿಸಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ. ಇದು ಯಾವುದು ಎಂದು ಅವರು ಕಂಡುಹಿಡಿಯಬೇಕು. ಅದಕ್ಕೆ 'ಅನ್‌ನೋನ್' ಎನ್ನುತ್ತಾರೆ. ಯಾವ ನಂಬರಿನಲ್ಲಿ ಯಾವ ರೋಗ ಎಂಬುದು ಪರೀಕ್ಷಕರಿಗೆ ಮಾತ್ರ ಗೊತ್ತು. ಟ್ಯೂಬನ್ನು ತೊಳೆಯುವವಳಿಗೆ ಗೊತ್ತಾಗುವ ಪ್ರಶ್ನೆಯೇ ಇಲ್ಲ, ಅವಳಿಗೆ ಎಲ್ಲವೂ ಯಾವಾಗಲೂ ಅನ್‌ನೋನೇ.

ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲಿ, ಮೊದಲ ಬ್ಯಾಚಿನ ಪರೀಕ್ಷೆಯ ಬೆಳಿಗ್ಗೆ ನಾನು ಐಸು ಇಳಿಸುತ್ತಿದ್ದೆ. ಹೊರಗಿನ ಪರೀಕ್ಷಕರ ಕಾರು ಗೇಟಿನೊಳಗೆ ಬಂತು ಎಂದು ಯಾರೋ ಕೂಗಿದರು. ಎಲ್ಲರೂ ಓಡಾಡತೊಡಗಿದರು. ಒಬ್ಬ ಎಳೆಯ ಅಧ್ಯಾಪಕರು ಟ್ಯೂಬುಗಳ ಸ್ಟ್ಯಾಂಡನ್ನು ಎತ್ತಿಕೊಂಡು ತಿರುಗಿದರು. ಐಸಿನ ನೀರಿಗೆ ಅವರ ಕೈ ಒದ್ದೆಯಾಗಿತ್ತು. ಒಂದು ಟ್ಯೂಬು ಜಾರಿ ನೆಲಕ್ಕೆ ಬಿತ್ತು. ಹನ್ನೊಂದನೇ ನಂಬರು. ಬೇಕೆಂದು ಬೀಳಿಸಿದ್ದಲ್ಲ, ಆ ಐಸು ತಂದವನೂ ನಾನೇ. ಇದನ್ನೂ ಹೇಳದಿದ್ದರೆ ಇದು ಪೂರ್ತಿ ನಿಜವಾಗುವುದಿಲ್ಲ.

ವಿಭಾಗದ ಮುಖ್ಯಸ್ಥರು ಬಾಗಿಲಿಂದಲೇ ಕೂಗಿದರು. "ದಾನವ್ವ, ಬೇಗ ಒರ್ಸಮ್ಮ, ಎಕ್ಸ್‌ಟರ್ನಲ್ ಮೆಟ್ಲು ಹತ್ತಾ ಇದಾರೆ!"

"ಗಾಜ ಐತ್ರಿ ಸರ. ಆ ಗ್ಲೌಸ ಕೊಟ್ರ..."

"ಗ್ಲೌಸ್ ಬೀರುವಲ್ಲಿದೆ, ಬೀಗದ ಕೈ ಸ್ಟೋರ್ಸ್‌ನೋರ ಹತ್ರ ಇದೆ, ಸ್ಟೋರ್ಸ್‌ನೋರು ಇನ್ನೂ ಬಂದಿಲ್ಲ. ಬಟ್ಟೆ ಹಾಕಿ ಒರ್ಸಿಬಿಡಮ್ಮ, ಏನೂ ಆಗಲ್ಲ."

ಅಕ್ಕ ಒರೆಸಿದಳು. ಚೂರು ಆರಿಸುವಾಗ ಬೆರಳು ಕೊಯ್ದುಕೊಂಡಳು. ಕೊಯ್ದ ಬೆರಳನ್ನು ಬಾಯಲ್ಲಿ ಇಟ್ಟುಕೊಂಡಳು. ಬೆರಳು ಕೊಯ್ದರೆ ಬಾಯಲ್ಲಿ ಇಟ್ಟುಕೊಳ್ಳದವರು ನಿಮ್ಮ ಸಮಿತಿಯಲ್ಲಿ ಯಾರಾದರೂ ಇದ್ದರೆ ಅವರು ಮೊದಲ ಕಲ್ಲು ಎತ್ತಲಿ. ನಂತರ ನಲ್ಲಿಯ ನೀರಿನಲ್ಲಿ ಕೈ ತೊಳೆದಳು. ಹೊರಗಿನ ಪರೀಕ್ಷಕರು ಒಳಗೆ ಬಂದು, ನೆಲ ಎಷ್ಟು ಚೊಕ್ಕಟವಾಗಿದೆ ಎಂದು ಹೊಗಳಿದರು. ಇದು ನಾನು ಕಿವಿಯಾರೆ ಕೇಳಿದ್ದು.

ಆ ಗ್ಲೌಸುಗಳ ಬಗ್ಗೆ ಹೇಳಬೇಕು. ಬೀರುವಿಗೆ ಗಾಜಿನ ಬಾಗಿಲು, ಅವು ಹೊರಗಿನಿಂದ ಚೆನ್ನಾಗಿ ಕಾಣುತ್ತಿದ್ದವು. ಪ್ಯಾಕೆಟ್ಟು ಒಡೆದಿರಲಿಲ್ಲ. ಪ್ಯಾಕೆಟ್ಟಿನ ಮೇಲೆ ಆಯುಧಪೂಜೆಯ ಕುಂಕುಮದ ಬೊಟ್ಟು, ಪಕ್ಕದಲ್ಲಿ ಒಣಗಿದ ಸೇವಂತಿಗೆ. ತಪಾಸಣೆಗೆ ಬಂದವರಿಗೆ ತೋರಿಸಲು ತರಿಸಿದ್ದು, ವರ್ಷಕ್ಕೊಮ್ಮೆ ಪೂಜೆಗೆ ಆಚೆ ಬರುತ್ತಿತ್ತು, ಮತ್ತೆ ಒಳಗೆ ಹೋಗುತ್ತಿತ್ತು. ಇನ್ನು ಫಿನಾಯಿಲ್ ಬಾಟಲಿ ಕಿಟಕಿಯ ಮೇಲಿತ್ತು. ಚೀಟಿಯೂ ಹಾಗೇ ಇತ್ತು. ಅದರೊಳಗೆ ಯಾರೋ ನೀರು ತುಂಬಿ ಮನಿಪ್ಲಾಂಟ್ ಬಿಟ್ಟಿದ್ದರು. ಬಳ್ಳಿ ಸೊಂಪಾಗಿ ಬೆಳೆದಿತ್ತು.

ಮೇ ತಿಂಗಳಲ್ಲಿ ಅಕ್ಕನಿಗೆ ಜ್ವರ ಶುರುವಾಯಿತು. ಸಂಜೆಯಾದರೆ ಏರುವುದು, ಬೆಳಿಗ್ಗೆ ಸೀರೆ ಹಿಂಡುವಷ್ಟು ಬೆವರಿ ಇಳಿಯುವುದು. ಬೆನ್ನು ನೋವಿಗೆ ಬಗ್ಗಲಾಗುತ್ತಿರಲಿಲ್ಲ. ನಮ್ಮ ಮನೆಯ ಓನರು ಮುನಿಕೃಷ್ಣಮ್ಮ ದಾಸರಹಳ್ಳಿಯ ಹಳೇ ಮನೆತನದವರು, ಬೆಳಿಗ್ಗೆ ಸಂಜೆ ಬಂದು ಹಣೆ ಮುಟ್ಟಿ ನೋಡುತ್ತಿದ್ದರು. "ಇಂಗೆ ಒತ್ತು ಮುಳುಗಿದ್ ಮ್ಯಾಕೆ ಬಂದು ಬೆಳಕರಿದ್ರೆ ಓಗೋ ಜರ ನಾನ್ ಕಂಡಿಲ್ಲ ಕಣವ್ವ. ಆ ಕಾಲೇಜ್ನಾಗೆ ಏನೋ ತಗಲಿಸ್ಕೊಂಡಿದ್ದೀಯ ನೀನು" ಎಂದರು. ಆಮೇಲೆ ನಿಂಬೆಹಣ್ಣು ಇಳಿಸಿ ಮೂರು ದಾರಿ ಕೂಡುವಲ್ಲಿ ಎಸೆದು ಬಂದರು. ನಿಂಬೆಹಣ್ಣಿನಿಂದ ಏನೂ ಆಗಲಿಲ್ಲ. ಆದರೆ ಕಾಯಿಲೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಬಾಯಿ ಬಿಟ್ಟು ಹೇಳಿದವರು ಅವರು. ನಿಮ್ಮ ವಿಶ್ವವಿದ್ಯಾಲಯ ಇವತ್ತಿಗೂ ಹೇಳಿಲ್ಲ.

ಆಸ್ಪತ್ರೆಯ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು ನನಗೆ ಒಂದೇ ಕೆಲಸ ಹೇಳಿದರು. "ಆ ಟ್ಯೂಬಲ್ಲಿ ಏನಿತ್ತು ಅಂತ ಕೇಳ್ಕೊಂಡು ಬಾಪ್ಪ. ಹೆಸರು ಗೊತ್ತಾದ್ರೆ ಔಷಧಿ ಸುಲಭ. ಇಲ್ದಿದ್ರೆ ನಾನು ಕತ್ತಲಲ್ಲಿ ಕಲ್ಲು ಹೊಡೀಬೇಕು."

ಎಷ್ಟು ಸಣ್ಣ ಕೆಲಸ! ಹೋಗಿ ಒಂದು ಹೆಸರು ಕೇಳಿಕೊಂಡು ಬರುವುದು. ಸೈಕಲ್ ತುಳಿದುಕೊಂಡು ಹೋದೆ. ಮುಖ್ಯಸ್ಥರು ವರಾಂಡದಲ್ಲೇ ಸಿಕ್ಕರು.

"ಸಾರ್, ಅವತ್ತು ಒಡೆದ ಹನ್ನೊಂದನೇ ಟ್ಯೂಬಲ್ಲಿ ಏನಿತ್ತು?"

"ಅದು ಅನ್‌ನೋನ್ ಕಣಯ್ಯ."

"ಯಾರಿಗೆ ಸಾರ್?"

"ಹುಡುಗ್ರಿಗೆ."

"ನಿಮಗೆ?"

"ನಂಗೆ ಗೊತ್ತಿರುತ್ತಪ್ಪ, ನಾನೇ ಇಟ್ಟಿದ್ದಲ್ವಾ."

"ಹಂಗಾದ್ರೆ ಹೇಳಿ ಸಾರ್. ಡಾಕ್ಟ್ರು ಕಾಯ್ತಾ ಇದಾರೆ."

ಅವರು ಆಚೆ ಈಚೆ ನೋಡಿ ದನಿ ತಗ್ಗಿಸಿದರು. "ಮುಷ್ಕರದಿಂದ ಇನ್ನೆರಡು ಬ್ಯಾಚ್ ನಿಂತುಹೋಗಿದೆ. ಅವ್ರಿಗೂ ಇದೇ ಸೆಟ್ಟು. ನಿಂಗೆ ಹೇಳಿದ್ರೆ ನೀನು ಗೇಟ್ ದಾಟೋಷ್ಟರಲ್ಲಿ ಹಾಸ್ಟೆಲ್‌ಗೆಲ್ಲ ಗೊತ್ತಾಗಿರುತ್ತೆ. ಪರೀಕ್ಷೆ ಗೌಪ್ಯ ಅಂತ ಒಂದಿರುತ್ತೆ ಕಣಯ್ಯ, ನಿಂಗದು ಅರ್ಥ ಆಗಲ್ಲ."

"ನಮ್ಮಕ್ಕ ಪರೀಕ್ಷೆಗೆ ಕೂತಿಲ್ಲ ಸಾರ್."

"ಅಂಥಾದ್ದೇನಿಲ್ಲ ಅಂತ ಡಾಕ್ಟ್ರಿಗೆ ಹೇಳು, ಸಾಕು."

ಅಂಥಾದ್ದೇನಿಲ್ಲ ಎಂಬ ಹೆಸರಿನ ರೋಗಾಣು ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಮತ್ತೆ ಹೋದೆ. ಗೇಟಿನಲ್ಲಿ ನಿಲ್ಲಿಸಿದರು, ಪ್ರಶ್ನೆಪತ್ರಿಕೆ ಕದಿಯಲು ಬರುವವನು ಎಂದು ನನ್ನ ಬಗ್ಗೆ ಸೆಕ್ಯುರಿಟಿಗೆ ಹೇಳಿಟ್ಟಿದ್ದರು. ಐಸು ಇಳಿಸಲು ಮಾತ್ರ ಬಿಡುತ್ತಿದ್ದರು, ಅದೂ ಹಿಂದಿನ ಬಾಗಿಲಿಗೆ. ಶಾಲೆ ಬಿಟ್ಟವನನ್ನು ಪರೀಕ್ಷೆಯ ಕಳ್ಳನೆಂದು ಹಿಡಿದದ್ದು ಬಹುಶಃ ಇದೇ ಮೊದಲು.

ಮಾನ್ಯರೇ, ಇಲ್ಲಿ ನಿಂತು ನಿಮ್ಮನ್ನು ಕೇಳುತ್ತೇನೆ. ಗುಟ್ಟು ಹೊರಬಿದ್ದಿದ್ದರೆ ಏನಾಗುತ್ತಿತ್ತು? ಹನ್ನೊಂದನೇ ಟ್ಯೂಬನ್ನು ಎಸೆದು ಬೇರೊಂದು ಇಡಬೇಕಾಗುತ್ತಿತ್ತು. ಹೆಚ್ಚೆಂದರೆ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕಾಗುತ್ತಿತ್ತು. ನಿಮ್ಮ ವಿಶ್ವವಿದ್ಯಾಲಯ ಪರೀಕ್ಷೆಗಳನ್ನು ಇನ್ನೊಮ್ಮೆ ಮಾಡಿಲ್ಲವೇ? ಪತ್ರಿಕೆ ಬಯಲಾಯಿತು ಎಂದು, ಬಸ್ ಬಂದ್ ಆಯಿತು ಎಂದು, ಎಷ್ಟು ಸಲ ಮಾಡಿಲ್ಲ? ಇನ್ನೊಮ್ಮೆ ಮಾಡಲಾಗದ್ದು ಯಾವುದು ಎಂದು ಈಗ ಹೇಳುತ್ತೇನೆ.

ಹೆಸರು ಸಿಗದೆ ಡಾಕ್ಟರು ಕ್ಷಯವಿರಬಹುದೆಂದು ಊಹಿಸಿದರು. ಸಂಜೆಯ ಜ್ವರ, ಬೆವರು, ಸೊರಗಿದ ಮೈ. ನಮ್ಮಂಥವರ ಮನೆಯಲ್ಲಿ ಮೊದಲು ಅದನ್ನೇ ಊಹಿಸುತ್ತಾರೆ, ಅವರ ತಪ್ಪೆಂದು ನಾನು ಹೇಳುವುದಿಲ್ಲ. ದಿನಾ ಇಂಜೆಕ್ಷನ್ ಕೊಡಿಸಿದರು. ಜ್ವರ ಒಂದಿಷ್ಟು ಇಳಿಯಿತು, ಸರಿಯಾದ ದಾರಿಯಲ್ಲಿದ್ದೇವೆ ಎಂದು ಎಲ್ಲರಿಗೂ ಅನಿಸಿತು, ತಿಂಗಳುಗಟ್ಟಲೆ ಇಂಜೆಕ್ಷನ್ ಮುಂದುವರಿಯಿತು. ಒಂದು ದಿನ ಅಕ್ಕ, "ತಮ್ಮಾ, ಕಿವ್ಯಾಗ ಜೀರುಂಡಿ ಕೂಗಿದಂಗ ಆಕ್ಕೈತೋ" ಎಂದಳು. ಮನೆಯಲ್ಲಿ ಜೀರುಂಡೆ ಹುಡುಕಿದೆವು. ಮಂಚದ ಕೆಳಗೆಲ್ಲ ನೋಡಿದೆ. ಆ ಇಂಜೆಕ್ಷನ್ನು ಕಿವಿಗೆ ಬಡಿಯುತ್ತದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿ ಹೋಗುತ್ತಿತ್ತು.

ಹನ್ನೊಂದನೇ ಟ್ಯೂಬಿನ ಗುಟ್ಟು ಕೊನೆಗೆ ಹೇಗೆ ತಿಳಿಯಿತು ಗೊತ್ತೇ? ಆ ಸೆಪ್ಟೆಂಬರಿನಲ್ಲಿ, ಕಾಲೇಜಿನ ಎದುರಿನ ಟೀ ಅಂಗಡಿಯಲ್ಲಿ. ಆರ್.ಟಿ. ನಗರದ ಮುಜಫ್ಫರ್ ಎಂಬ ವಿದ್ಯಾರ್ಥಿ ಫಲಿತಾಂಶ ಬಂದ ಖುಷಿಯಲ್ಲಿ ಎಲ್ಲರಿಗೂ ಟೀ ಕೊಡಿಸುತ್ತಿದ್ದ. ಐಸಿನ ಹುಡುಗನಿಗೂ ಒಂದು ಎಂದ.

"ಯಾವ ಟ್ಯೂಬ್ ಬಂದಿತ್ತು ನಿಂಗೆ?" ಎಂದು ಸುಮ್ಮನೆ ಕೇಳಿದೆ.

"ನಂದಾ? ಹನ್ನೊಂದು. ಒಂದ್ ಒಡೆದೋಗಿ ಇನ್ನೊಂದ್ ಕೊಟ್ರಲ್ಲ, ಅದೇ. ಬ್ರೂಸೆಲ್ಲಾ ಗುರು! ದನಗಳಿಗೆ ಗರ್ಭ ಇಳಿಸಿ ಕಂದು ಹಾಕ್ಸೋ ಕಾಯಿಲೆ. ಆಮೇಲಿನ ಬ್ಯಾಚ್‌ನೋರೆಲ್ಲಾ ತಪ್ಪು ಬರೆದವ್ರೆ, ನಾನೊಬ್ನೇ ಸರಿ."

"ಮನುಷ್ಯರಿಗೆ ಬಂದ್ರೆ?"

"ಸಂಜೆ ಜ್ವರ, ರಾತ್ರಿ ಬೆವರು, ಬೆನ್ನು ನೋವು. ಅದನ್ನೂ ಬರೆದೆ, ಎರಡ್ ಮಾರ್ಕ್ಸ್ ಜಾಸ್ತಿ ಹಾಕವ್ರೆ." ಆಮೇಲೆ ನನ್ನ ಮುಖ ನೋಡಿ ಲೋಟ ಕೆಳಗಿಟ್ಟ. "ಯಾಕೋ ಮಗಾ? ಏನಾಯ್ತೋ?"

ಹೇಳಿದೆ. ಅವನು ಆ ಟೀ ಕುಡಿಯಲಿಲ್ಲ. ನನ್ನ ಸೈಕಲ್ಲಿನ ಹಿಂದೆ, ಒದ್ದೆ ಗೋಣಿಚೀಲದ ಮೇಲೆ ಕೂತು ಆಸ್ಪತ್ರೆಗೆ ಬಂದು ಡಾಕ್ಟರಿಗೆ ತಾನೇ ಇಂಗ್ಲಿಷಿನಲ್ಲಿ ಹೇಳಿದ. ರಕ್ತ ಪರೀಕ್ಷೆ ಆಯಿತು. ಅದೇ ಎಂದು ಗೊತ್ತಾಯಿತು. ಮಾತ್ರೆ ಬದಲಾಯಿತು, ಇಂಜೆಕ್ಷನ್ ನಿಂತಿತು, ಜ್ವರ ಹೋಯಿತು. ಈ ರೋಗಕ್ಕೂ ಅದೇ ಇಂಜೆಕ್ಷನ್ ಕೊಡುವುದುಂಟು, ಆದರೆ ಎರಡು ಮೂರು ವಾರ, ತಿಂಗಳುಗಟ್ಟಲೆ ಅಲ್ಲ ಎಂದು ಡಾಕ್ಟರು ಹೇಳಿದರು. ನನಗೆ ಅನುಕೂಲವಾಗಲೆಂದು ಇದನ್ನು ಬಿಟ್ಟು ಬರೆಯಬಹುದಿತ್ತು. ಬಿಡುವುದು ನಿಮ್ಮ ಕಸುಬು. ಜ್ವರ ಹೋಯಿತು, ಕಿವಿ ಬರಲಿಲ್ಲ.

ನಾನು ವಿಶ್ವವಿದ್ಯಾಲಯಕ್ಕೆ ದೂರು ಕೊಟ್ಟೆ. ಆಗಷ್ಟೇ ನಿಮ್ಮ ಸಮಿತಿ ಹುಟ್ಟಿತ್ತು. ಸಂಶೋಧನೆ, ಬೋಧನೆ ಎರಡರಲ್ಲೂ ರೋಗಾಣುಗಳಿಂದ ಯಾರಿಗೂ ಕೇಡಾಗದಂತೆ ನೋಡಿಕೊಳ್ಳುವ ಸಮಿತಿ ಎಂದು ಪತ್ರಿಕೆಯಲ್ಲಿ ಓದಿ, ಸದ್ಯ, ಕೇಳುವವರೊಬ್ಬರು ಬಂದರು ಎಂದುಕೊಂಡೆ. ಕರೆ ಬಂದ ದಿನ ಭಾವನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದೆ. ಕರೆ ಬಂದದ್ದನ್ನು ಅಕ್ಕನಿಗೂ ಭಾವನಿಗೂ ಹೇಳಲಿಲ್ಲ, ಒಳ್ಳೆಯ ಸುದ್ದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳೋಣವೆಂದು.

ನೀವು ಬಹಳ ಒಳ್ಳೆಯವರಾಗಿದ್ದಿರಿ. ಆ ಕಟ್ಟಡಗಳಲ್ಲಿ ನನ್ನನ್ನು ಕೂತುಕೋ ಎಂದ ಮೊದಲ ಮನುಷ್ಯ ನೀವು. "ಹೆದರ್ಬೇಡಪ್ಪ. ನಿಜ ಹೇಳು, ನಿಮ್ಮಕ್ಕನಿಗೆ ಒಳ್ಳೇದಾಗುತ್ತೆ" ಎಂದಿರಿ. ಅದನ್ನು ನಂಬಿದೆ. ನಂಬಿದ್ದು ನನ್ನ ದಡ್ಡತನ ಎಂದು ಈಗ ಭಾವ ಹೇಳುತ್ತಾರೆ. ಇರಬಹುದು.

"ಆ ಕೊಠಡಿಯಲ್ಲಿ ಗ್ಲೌಸ್ ಇತ್ತಾ?"

"ಇತ್ತು ಸಾರ್, ಆದ್ರೆ..."

"ಇತ್ತು ತಾನೇ?"

"ಇತ್ತು."

"ಫಿನಾಯಿಲ್ ಬಾಟ್ಲಿ?"

"ಇತ್ತು ಸಾರ್. ಆದ್ರೆ ಅದ್ರೊಳಗೆ..."

"ಆದ್ರೆ ಗೀದ್ರೆ ಎಲ್ಲಾ ಆಮೇಲೆ. ಒಂದೊಂದಾಗಿ ಹೋಗೋಣ. ಅವ್ರು ಕೈ ತೊಳೆದದ್ದು ಯಾವುದ್ರಲ್ಲಿ?"

"ನೀರಲ್ಲಿ."

"ಬರೀ ನೀರಲ್ಲಿ?"

"ಹೌದು ಸಾರ್."

ಪಕ್ಕದವರು ಟೈಪ್ ಮಾಡಿಕೊಂಡರು. ಕಾಫಿ ಬಂತು. ನಾನು ಆ 'ಆಮೇಲೆ'ಗಾಗಿ ಕಾಯುತ್ತಾ ಕಾಫಿ ಕುಡಿದೆ. ಲೋಟ ಖಾಲಿಯಾದ ಮೇಲೆ ನೀವು ಬೆಲ್ ಒತ್ತಿದಿರಿ, ಬಾಗಿಲು ತೆರೆಯಿತು, ಮುಂದಿನವರನ್ನು ಕರೆದರು. ಇಂಗ್ಲಿಷಿನ ಹಾಳೆಗೆ ಕನ್ನಡದಲ್ಲಿ ರುಜು ಹಾಕಿ ಹೊರಗೆ ಬಂದೆ. ಆಮೇಲೆ ಎಂದರೆ ಯಾವಾಗ ಎಂದು ವರಾಂಡದಲ್ಲಿ ಸಂಜೆಯವರೆಗೆ ಕೂತಿದ್ದೆ. ಸಂಜೆ ನೀವು ಕಾರು ಹತ್ತುವಾಗ ನನ್ನನ್ನು ನೋಡಿ ಕೈ ಬೀಸಿದಿರಿ. ಅದನ್ನೂ ಒಳ್ಳೆಯ ಲಕ್ಷಣವೆಂದೇ ತಿಳಿದೆ.

ಆದೇಶ ಅಂಚೆಯಲ್ಲಿ ಬಂದ ದಿನ ನಾವು ಊಟಕ್ಕೆ ಕೂತಿದ್ದೆವು. ಭಾವ ಗಟ್ಟಿಯಾಗಿ ಓದಿದರು, ಅಕ್ಕನ ಬಲಗಿವಿಯ ಹತ್ತಿರ ಬಾಯಿಟ್ಟು. ಸುರಕ್ಷತಾ ಸಾಮಗ್ರಿ ಲಭ್ಯವಿದ್ದುದನ್ನು ಸ್ವತಂತ್ರ ಸಾಕ್ಷಿ ದೃಢಪಡಿಸಿದ್ದಾರೆ. ಲಭ್ಯವಿದ್ದರೂ ಬಳಸದೆ ಇದ್ದದ್ದು ಸಹಾಯಕಿಯ ಸ್ವಂತ ಅಜಾಗರೂಕತೆ. ಆದಕಾರಣ ಅವರ ಸೇವೆಯ ಅಗತ್ಯವಿರುವುದಿಲ್ಲ. ವಿಭಾಗದ ಸುರಕ್ಷತಾ ವ್ಯವಸ್ಥೆ ತೃಪ್ತಿಕರ.

ಅಕ್ಕ ರೊಟ್ಟಿ ಕೆಳಗಿಟ್ಟಳು. "ಯಾವನರೀ ಅವ ಸಾಕ್ಷಿ? ಬೀರುವಿನ ಬೀಗ ಕಾಣಲಿಲ್ಲೇನು ಅವನ ಕಣ್ಣಿಗೆ? ಅವನ ಬಾಯಾಗ ಮಣ್ಣ ಬೀಳ್ಲಿ!"

ನನ್ನ ಬಾಯಲ್ಲಿ ರೊಟ್ಟಿ ಇತ್ತು. ನುಂಗಿದೆ. ಇನ್‌ಸ್ಪೆಕ್ಟರ್ ಮುಂದೆ ಎದ್ದು ನಿಂತವನು ಅಕ್ಕನ ಮುಂದೆ ಏಳಲಿಲ್ಲ. ಆ ದಿನದಿಂದ ಅವಳು ಬೇಸರವಾದಾಗಲೆಲ್ಲ ಆ ಸಾಕ್ಷಿಯನ್ನು ಬೈಯುತ್ತಿದ್ದಳು, ಬೈದು ನನಗೇ ಊಟ ಬಡಿಸುತ್ತಿದ್ದಳು. ಇದಕ್ಕಿಂತ ದೊಡ್ಡ ಶಿಕ್ಷೆ ನಿಮ್ಮ ಯಾವ ಕಾನೂನಿನಲ್ಲೂ ಇರಲಿಕ್ಕಿಲ್ಲ.

ನಿಮ್ಮ ಸಮಿತಿಯಲ್ಲಿ ಇರುವವರು ಯಾರು ಎಂದು ಆಮೇಲೆ ವಿಚಾರಿಸಿದೆ. ಎಲ್ಲರೂ ಆಯಾ ವಿಭಾಗಗಳ ಮುಖ್ಯಸ್ಥರೇ. ಈ ತಿಂಗಳು ಇವರು ಅವರ ವಿಭಾಗ ನೋಡಿ ತೃಪ್ತಿಕರ ಎನ್ನುತ್ತಾರೆ, ಮುಂದಿನ ತಿಂಗಳು ಅವರು ಇವರದ್ದನ್ನು ನೋಡಿ ತೃಪ್ತಿಕರ ಎನ್ನುತ್ತಾರೆ. ಬೀಗರ ಮನೆಯ ಊಟವನ್ನು ಯಾರಾದರೂ ಸಪ್ಪೆ ಎನ್ನುತ್ತಾರೆಯೇ? ಬರುವ ದಿನವನ್ನು ಮೊದಲೇ ತಿಳಿಸುತ್ತೀರಿ, ಆ ದಿನ ಬೀರುವಿನ ಗಾಜು ಒರೆಸಿರುತ್ತಾರೆ. ಒರೆಸಿದವಳು ಯಾರು ಎಂದು ನೀವು ಕೇಳುವುದಿಲ್ಲ. ನಿಮ್ಮ ನಿಯಮಗಳಲ್ಲಿ ಅಧ್ಯಾಪಕರಿದ್ದಾರೆ, ಸಂಶೋಧಕರಿದ್ದಾರೆ, ವಿದ್ಯಾರ್ಥಿಗಳಿದ್ದಾರೆ. ಟ್ಯೂಬು ಒಡೆದಾಗ ಕೂಗಿ ಕರೆಯುವುದು ಯಾರನ್ನೋ ಅವಳೊಬ್ಬಳು ಇಲ್ಲ. ಅಪಾಯ ಎಂದು ಹೊಸದಾಗಿ ಬಾಗಿಲಿಗೆ ಫಲಕ ಹಾಕಿಸಿದ್ದೀರಿ, ಇಂಗ್ಲಿಷಿನಲ್ಲಿ. ನನ್ನ ಅಕ್ಕ ಕನ್ನಡ ಓದುತ್ತಾಳೆ. ಅಪಾಯಕ್ಕೆ ಇಂಗ್ಲಿಷ್ ಬರುತ್ತದೆ ಎಂದು ನಿಮಗೆ ಯಾರು ಹೇಳಿದರು?

ಇಷ್ಟಾದರೂ ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ. ಕಳೆದ ವಾರ ಐಸು ಇಳಿಸಲು ಹೋಗಿದ್ದೆ. ಮತ್ತೆ ಪರೀಕ್ಷೆಯ ಕಾಲ, ಮತ್ತೆ ನಂಬರು ಅಂಟಿಸಿದ ಟ್ಯೂಬುಗಳು. ಅಕ್ಕನ ಜಾಗದಲ್ಲಿ ಈಗ ಶೆಟ್ಟಿಹಳ್ಳಿಯ ಅಂಜಿನಮ್ಮ ಎಂಬುವರು ಇದ್ದಾರೆ. ಬರಿಗೈಯಲ್ಲಿ ಗಾಜು ಉಜ್ಜುತ್ತಿದ್ದರು. ಬೀರು ಹಾಗೇ ಇತ್ತು, ಬೀಗವೂ ಇತ್ತು, ಅದೇ ಪ್ಯಾಕೆಟ್ಟು. ಹಳೆಯ ಕುಂಕುಮದ ಪಕ್ಕದಲ್ಲಿ ಹೊಸ ಕುಂಕುಮ.

"ಅಂಜಿನಮ್ಮಾರೇ, ಆ ಗ್ಲೌಸ್ ಹಾಕ್ಕೊಳ್ಳೋದಲ್ವಾ?"

ಅವರು ನನ್ನನ್ನು ಬೆಪ್ಪನನ್ನು ನೋಡಿದ ಹಾಗೆ ನೋಡಿ ನಕ್ಕರು. "ಅದು ಪೂಜೆಗೆ ಇಕ್ಕಿರೋದಂತೆ ಕಣಣ್ಣ. ಮುಟ್ಟಂಗಿಲ್ವಂತೆ."

ಸೈಕಲ್ ಹತ್ತಿ ನೇರ ಮನೆಗೆ ಬಂದೆ. ಅಕ್ಕ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಎದುರಿಗೆ ಕೂತು, "ಅಕ್ಕಾ, ಆ ಸಾಕ್ಷಿ ನಾನಽ" ಎಂದೆ.

"ಏನಂದಿ?"

"ಆ ಸಾಕ್ಷಿ. ನಾನು."

"ಕೇಳಸವೊಲ್ದು. ಜೋರಾಗಿ ಹೇಳು."

ಒಂದು ವರ್ಷ ಯಾರ ಕಿವಿಗೂ ಬೀಳದಂತೆ ಕಾಪಾಡಿದ ಮಾತನ್ನು ಕಿರುಚಬೇಕಾಯಿತು, ಮಾನ್ಯರೇ. ಎರಡು ಸಲ ಕಿರುಚಿದೆ. ವಠಾರದ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದವರು ತಿರುಗಿ ನೋಡಿದರು. ಮುನಿಕೃಷ್ಣಮ್ಮ ಬಾಗಿಲಿಗೆ ಬಂದರು. ಎಲ್ಲರಿಗೂ ಕೇಳಿಸಿದ ಮೇಲೆ ಅಕ್ಕನಿಗೆ ಕೇಳಿಸಿತು. ನೀವು ಕೇಳಿದ್ದು, ನಾನು ಹೇಳಿದ್ದು, ಹೇಳಲು ಬಿಡದೇ ಇದ್ದದ್ದು, ಎಲ್ಲವನ್ನೂ ಹಾಗೇ ಕಿರುಚಿ ಹೇಳಿದೆ. ಕೊನೆಗೆ ಗಂಟಲು ಬಿದ್ದುಹೋಯಿತು.

ಅಕ್ಕ ಮೊರವನ್ನು ಪಕ್ಕಕ್ಕೆ ಸರಿಸಿದಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ಖರೇನ ಹೇಳಿದಿ ನೀ. ಅರ್ಧಾ ಹೇಳಿದಿ," ಎಂದಳು. "ಉಳಿದ ಅರ್ಧಾ ಯಾರು ಹೇಳ್ಬೇಕೋ? ನಾನೇನು?"

ಮುನಿಕೃಷ್ಣಮ್ಮ ಬಾಗಿಲಿಂದ, "ಓಗ್ಲಿ ಬಿಡವ್ವ, ಉಡುಗ" ಎಂದರು. ಅಕ್ಕನಿಗೆ ಅದು ಕೇಳಿಸಲಿಲ್ಲ. ಆ ರಾತ್ರಿಯೂ ಊಟ ಬಡಿಸಿದಳು. ಆದರೆ ನನ್ನನ್ನು ಬೈಯಲಿಲ್ಲ, ಸಾಕ್ಷಿಯನ್ನೂ ಬೈಯಲಿಲ್ಲ. ಆಮೇಲೆ ಇಷ್ಟು ದಿನವೂ ಬೈದಿಲ್ಲ. ಅವಳು ಬೈಯಲಿ ಎಂದು ನಾನು ಕಾಯುತ್ತಿದ್ದೇನೆ.

ಉಳಿದ ಅರ್ಧ ಇಗೋ ಇಲ್ಲಿದೆ. ಗ್ಲೌಸುಗಳು ಇದ್ದವು, ಆದರೆ ಬೀಗ ಹಾಕಿದ ಬೀರುವಿನಲ್ಲಿ ಇದ್ದವು, ಕೇಳಿದರೂ ಕೊಡಲಿಲ್ಲ. ಫಿನಾಯಿಲ್ ಬಾಟಲಿ ಇತ್ತು, ಆದರೆ ಅದರಲ್ಲಿ ಮನಿಪ್ಲಾಂಟ್ ಇತ್ತು. ಅವಳು ನೀರಿನಲ್ಲಿ ಕೈ ತೊಳೆದಳು, ಯಾಕೆಂದರೆ ಅಲ್ಲಿ ನೀರೊಂದೇ ಇತ್ತು. ಟ್ಯೂಬಿನಲ್ಲಿ ಏನಿತ್ತೆಂದು ಗೊತ್ತಿದ್ದವರು ಡಾಕ್ಟರು ಕೇಳಿದರೂ ಹೇಳಲಿಲ್ಲ.

ಈ ನಾಲ್ಕು ಮಾತನ್ನು ನಿಮ್ಮ ವರದಿಯಲ್ಲಿ ನನ್ನ ಹೆಸರಿನ ಕೆಳಗೆ ಸೇರಿಸಬೇಕು. ಸ್ವತಂತ್ರ ಸಾಕ್ಷಿ ಎಂದಲ್ಲ, ಪಂಚಪ್ಪ ಎಂದು. ದಾನವ್ವನ ಮೇಲೆ ಹೊರಿಸಿರುವ ಅಜಾಗರೂಕತೆ ಎಂಬ ಮಾತನ್ನು ತೆಗೆಯಬೇಕು. ಕೆಲಸ ಕೊಡಿ ಎಂದು ಅವಳು ಕೇಳುತ್ತಿಲ್ಲ, ಕೊಟ್ಟರೂ ಆ ಮೆಟ್ಟಿಲು ಹತ್ತುವುದಿಲ್ಲ. ಇನ್ನು ಅಂಜಿನಮ್ಮನವರಿಗಾಗಿ ಕೇಳುತ್ತೇನೆ. ಆ ಪ್ಯಾಕೆಟ್ಟನ್ನು ಈ ಪರೀಕ್ಷೆ ಮುಗಿಯುವ ಮೊದಲು ಒಡೆಯಿರಿ. ಯಾವ ನಂಬರಿನ ಟ್ಯೂಬು ಒಡೆದರೂ ಅದರಲ್ಲಿ ಏನಿತ್ತೆಂದು ಒರೆಸುವವಳಿಗೆ ಆ ಕ್ಷಣವೇ, ಅವಳ ಭಾಷೆಯಲ್ಲೇ ಹೇಳಬೇಕು ಎಂದು ನಿಯಮ ಮಾಡಿ. ಪರೀಕ್ಷೆ ನಿಂತರೆ ನಿಲ್ಲಲಿ. ಆ ನಿಯಮ ಪಾಲನೆಯಾಗುತ್ತಿದೆಯೇ ಎಂದು ನೋಡಲು ನಿಮ್ಮ ಸಮಿತಿಯಲ್ಲಿ ಗಾಜು ತೊಳೆಯುವವರಲ್ಲಿ ಒಬ್ಬರನ್ನು ಕೂರಿಸಿ. ಕಾಫಿಯನ್ನೂ ಕೊಡಿ. ಅವರು 'ಆದ್ರೆ' ಎಂದಾಗ ಬೆಲ್ ಒತ್ತಬೇಡಿ.

ಇಂತಿ, ಒಮ್ಮೆ ನಿಮ್ಮನ್ನು ನಂಬಿದ್ದ ಅರ್ಧ ಸಾಕ್ಷಿ,
ಪಂಚಪ್ಪ
ಐಸಿನವನು, ಒಂಬತ್ತನೇ ಇಯತ್ತೆ ನಾಪಾಸೂ ಅಲ್ಲ, ಪಾಸೂ ಅಲ್ಲ

ಉತ್ತರವನ್ನು ದಾಸರಹಳ್ಳಿಯ ಮನೆಗೆ ಕಳಿಸಬೇಡಿ. ಅಕ್ಕನಿಗೆ ಇನ್ನು ಈ ಊರು ಬೇಡವಂತೆ. ಕೆಲಸ ಬಿಡಲಾಗದೆ ಭಾವ ಇಲ್ಲೇ ಇರುತ್ತಾರೆ. ಅವಳನ್ನು ಕರೆದುಕೊಂಡು ನಾನು ನಾಳೆ ಬೆಳಿಗ್ಗೆ ಯಶವಂತಪುರದಲ್ಲಿ ಹಾನಗಲ್ ಕಡೆಯ ಗಾಡಿ ಹತ್ತುತ್ತೇನೆ.